ಲಿವಾ ಹತ್ರ ಮರಳಲ್ಲಿ ಸಿಕ್ಕಿದ ಅಗಲ ಬಾಲದ ಹಳದಿ ಚೇಳು, ಯಾವ ಜಾತಿ ಗೊತ್ತಾ ಯಾರಿಗಾದ್ರೂ?

ಗ್ಯಾಸ್_ಮಾಣಿ

ಎಲ್ರಿಗೂ ನಮಸ್ಕಾರ. ನಂದು ಊರು ಕುಂದಾಪ್ರ ಸೈಡ್, ಇಲ್ಲಿ ಅಬುಧಾಬಿಯಲ್ಲಿ ನಾಲ್ಕು ವರ್ಷದಿಂದ ಎಸಿ ಟೆಕ್ನಿಷಿಯನ್. ಮೂರು ವಾರದ ಹಿಂದೆ ಲಿವಾ ದಾಟಿ ಒಳಗೆ ಒಂದು ಸೈಟಿಗೆ ಹಾಕಿದ್ರು, ಒಂದು ಸಾಲು ಪೋರ್ಟಾ ಕ್ಯಾಬಿನ್, ಒಂದು ಜನರೇಟರ್, ಒಂದು ನೀರಿನ ಟ್ಯಾಂಕರ್, ಅದು ಬಿಟ್ರೆ ಕಣ್ಣು ಹಾಯಿಸಿದಷ್ಟು ದೂರ ಮರಳಿನ ಗುಡ್ಡ ಮಾರಾಯ್ರೆ. ನಮ್ಮ ಕಡಲ ತೀರದ ಮರಳಿನ ಹಾಗಲ್ಲ, ಜರಡಿ ಹಿಡಿದ ರವೆ ಥರ, ಕಾಲಿಟ್ರೆ ಗಂಟಿನ ತನಕ ಇಳೀತದೆ.

ಮೊನ್ನೆ ರಾತ್ರಿ ಒಂಬತ್ತೂವರೆ ಹೊತ್ತಿಗೆ ಕ್ಯಾಬಿನ್ ಹಿಂದೆ ಔಟ್‌ಡೋರ್ ಯೂನಿಟ್ ಲೀಕ್ ನೋಡ್ತಾ ಇದ್ದೆ. ಲೀಕ್ ಹುಡುಕೋಕೆ ನಾವು ಲೈನ್ ಒಳಗೆ ಡೈ ಬಿಟ್ಟು ಆಮೇಲೆ ಯುವಿ ಟಾರ್ಚ್ ಹಾಕ್ತೇವೆ, ಎಲ್ಲಿ ಒಸರ್ತಾ ಉಂಟೋ ಅಲ್ಲಿ ಹಸಿರು ಹಳದಿ ಹೊಳೀತದೆ. ಟಾರ್ಚ್ ಕೈ ಜಾರಿ ಮರಳಿಗೆ ಬಿತ್ತು, ಎತ್ತಿಕೊಳ್ಳೋಕೆ ಬಗ್ಗಿದ್ರೆ ಎರಡು ಮಾರು ಆಚೆ ಡೈಗಿಂತ ಜೋರಾಗಿ ಏನೋ ಹೊಳೀತಾ ಉಂಟು. ಡೈ ಚೆಲ್ಲಿದೆ, ಬೈಸ್ಕೊಳ್ಳೋದು ಗ್ಯಾರಂಟಿ ಅಂದ್ಕೊಂಡು ಒರೆಸೋಕೆ ಬಟ್ಟೆ ಹಿಡ್ಕೊಂಡು ಹೋದೆ. ಹತ್ರ ಹೋಗಿ ನೋಡಿದ್ರೆ ಡೈ ನಡೀತಾ ಉಂಟು!

ಚೇಳು. ಮಾಮೂಲಿ ಟಾರ್ಚ್ ಹಾಕಿದ್ರೆ ತೆಳು ಹಳದಿ ಬಣ್ಣ, ಮರಳಿನ ಮೇಲೆ ಕಾಣಿಸೋದೇ ಇಲ್ಲ. ಕೊಂಡಿ ಸೇರಿಸಿ ನಾಲ್ಕು ಇಂಚಿನ ಹತ್ರ ಹತ್ರ ಇರಬಹುದು, ಪಕ್ಕದಲ್ಲಿ ನನ್ನ ಟೆಸ್ಟರ್ ಇಟ್ಟು ನೋಡಿದ್ದು. ವಿಚಿತ್ರ ಅಂದ್ರೆ ಬಾಲ. ಮೈಯಿಂದ ಲೆಕ್ಕ ಹಾಕಿದ್ರೆ ಎರಡನೇ ಗೆಣ್ಣು ಮಾತ್ರ ಚಪ್ಪಟೆಯಾಗಿ, ಬಿಲ್ಲೆ ಥರ ಅಗಲ ಆಗಿದೆ, ಅದರಿಂದ ಮುಂದಿನ ಗೆಣ್ಣುಗಳು ಮತ್ತೆ ಸಪೂರ. ಮೊದಲು ಅಂದ್ಕೊಂಡೆ ಯಾವುದೋ ಗಾಡಿ ಚಕ್ರಕ್ಕೆ ಸಿಕ್ಕಿ ಜಜ್ಜಿ ಹೋಗಿದೆ ಅಂತ, ಆದ್ರೆ ಎರಡೂ ಬದಿ ಒಂದೇ ಅಳತೆ, ಗಾಯ ಏನೂ ಇಲ್ಲ.

ನಮ್ಮ ಡ್ರೈವರ್ ಪೇಶಾವರದವನು, ಬಿಚ್ಚೂ ಬಿಚ್ಚೂ ಅಂತ ಶೂ ಎತ್ತಿದ, ನಾನು ಬೇಡ ಅಂತ ತಡೆದು 5 ಲೀಟರ್ ನೀರಿನ ಕ್ಯಾನ್ ಮೇಲ್ಭಾಗ ಕತ್ತರಿಸಿ, ರಟ್ಟಿನಲ್ಲಿ ನೂಕಿ ಒಳಗೆ ಹಾಕಿ ರೂಮಿಗೆ ತಂದಿಟ್ಟಿದ್ದೇನೆ. ರೂಮಲ್ಲಿರೋ ಕೇರಳದ ಚೇಟ ಮುಖ ಕೊಟ್ಟು ಮಾತಾಡ್ತಾ ಇಲ್ಲ. ಫೋರ್‌ಮನ್‌ಗೆ ಹೇಳೋ ಹಾಗೂ ಇಲ್ಲ, ಕಳ್ಳನಿಗೆ ಚೇಳು ಕಡಿದ ಹಾಗೆ ಆಗಿದೆ ನನ್ನ ಕತೆ. ಇದು ಯಾವ ಜಾತಿ, ಡೇಂಜರಾ, ಏನು ತಿನ್ನಕ್ಕೆ ಕೊಡ್ಬೇಕು? ಜಿರಳೆ ಹಾಕಿದೆ, ಎರಡು ದಿನ ಆಯ್ತು ಮುಟ್ಟಿಲ್ಲ.

ಬೆಂಕಿ_ಬಸ್ಯ

ಗುರು ಹಳದಿ ಚೇಳು, ಅರಬ್ ದೇಶ ಅಂದ್ಮೇಲೆ ಅದು ಡೆತ್‌ಸ್ಟಾಕರ್ರೇ, ಭಾರೀ ವಿಷದ್ದು, ಯೂಟ್ಯೂಬಲ್ಲಿ ನೋಡಿಲ್ವಾ? ಆ ಡ್ರೈವರ್ ಮಾಡಕ್ ಹೊರಟಿದ್ದೇ ಸರಿ, ಶೂ ತಗೊಂಡು ಫಿನಿಶ್ ಮಾಡು, ರೂಮಲ್ಲಿ ಇಟ್ಕೊಂಡು ಮಲಗ್ತೀಯಲ್ಲ ನಿಂಗೇನ್ ತಲೆ ಕೆಟ್ಟಿದ್ಯಾ

ಜೇಡರ_ಬಲೆ

ಬಸ್ಯ ಅವ್ರೇ ತಡೀರಿ, ಹಳದಿ ಇದ್ದಿದ್ದೆಲ್ಲ ಡೆತ್‌ಸ್ಟಾಕರ್ ಅಲ್ಲ. ನಾನು ಮೈಸೂರಲ್ಲಿ ಝುವಾಲಜಿ ಪಾಠ ಮಾಡ್ತೀನಿ, ಜೇಡ ಚೇಳು ಅಂದ್ರೆ ಸ್ವಲ್ಪ ಹುಚ್ಚು. ಮಾಣಿ ಅವ್ರು ಕೊಟ್ಟಿರೋ ಒಂದೇ ಒಂದು ಗುರುತು ಸಾಕು. ಬಾಲದ ಎರಡನೇ ಗೆಣ್ಣು ಮಾತ್ರ ಬಿಲ್ಲೆ ಥರ ಅಗಲ, ಆ ಜಾಗದಲ್ಲಿ ಅಂಥ ಬಾಲ ಇರೋದು ಒಂದಕ್ಕೇ, ಅಪಿಸ್ಟೋಬ್ಯೂಥಸ್ ಟೆರಿಗೋಸರ್ಕಸ್. ಬಾಯಿ ತಿರುಗಲ್ಲ ಅಂದ್ರೆ ಬಿಡಿ, ಟೆರಿಗೋಸರ್ಕಸ್ ಅಂದ್ರೆ ಗ್ರೀಕಲ್ಲಿ ರೆಕ್ಕೆ ಬಾಲದ್ದು ಅಂತ ಅರ್ಥ, ಅಷ್ಟು ನೆನಪಿಟ್ಕೊಂಡ್ರೆ ಸಾಕು.

ಇದರ ಹಿಂದೆ ಚೆನ್ನಾಗಿರೋ ಒಂದು ಕತೆ ಇದೆ. ನೀವಿರೋ ಲಿವಾದಿಂದ ದಕ್ಷಿಣಕ್ಕೆ ಶುರುವಾಗೋದೇ ರುಬ್ ಅಲ್ ಖಾಲಿ, ಸುಮಾರು 6.5 ಲಕ್ಷ ಚದರ ಕಿಲೋಮೀಟರ್ ಮರಳು, ನಮ್ಮ ಕರ್ನಾಟಕ ಅದರಲ್ಲಿ ಮೂರು ಸಲ ಕೂತು ಇನ್ನೂ ಜಾಗ ಮಿಗುತ್ತೆ. ಅದನ್ನ ದಾಟಿದ ಮೊದಲ ಯುರೋಪಿಯನ್ ಬರ್ಟ್ರಮ್ ಥಾಮಸ್, ಮಸ್ಕತ್ ಸುಲ್ತಾನರ ಹತ್ರ ವಜೀರ ಆಗಿದ್ದೋನು. 1930ರ ಡಿಸೆಂಬರಲ್ಲಿ ಒಮಾನಿನ ದಕ್ಷಿಣದ ಧೋಫಾರ್ ಕಡೆಯಿಂದ ಒಂಟೆ ಮೇಲೆ ಹೊರಟು 1931ರ ಫೆಬ್ರವರಿಯಲ್ಲಿ ದೋಹಾ ಸೇರಿದ. ದಾರಿ ತೋರಿಸಿದ್ದು ರಾಶಿದ್ ಕುಲದ ಬೆದುಯಿನ್ ಜನ, ಅವ್ರಿಲ್ದೇ ಇದ್ರೆ ಮೊದಲ ವಾರದಲ್ಲೇ ಆಸಾಮಿ ಕತೆ ಮುಗೀತಿತ್ತು, ಆದ್ರೆ ಹೆಸರು ಮಾತ್ರ ಅವನದ್ದು. ಬರೀ ದಾಟಲಿಲ್ಲ ಅವ್ನು, ಸಿಕ್ಕ ಹುಳ ಹುಪ್ಪಟೆ ಎಲ್ಲ ಸಂಗ್ರಹ ಮಾಡಿದ, ಅದರಲ್ಲಿದ್ದ ಚೇಳು ಜೇಡಗಳು ಲಂಡನ್ನಿನ ಮ್ಯೂಸಿಯಂ ಸೇರಿ ಅಲ್ಲಿ ಸೂಸನ್ ಫಿನ್ನೆಗನ್ ಅನ್ನೋ ವಿಜ್ಞಾನಿ ಕೈಗೆ ಬಂದ್ವು. ಅವ್ರೇ 1932ರಲ್ಲಿ ಈ ಚೇಳಿಗೆ ಹೆಸರಿಟ್ಟಿದ್ದು, ಬರೀ ಹೊಸ ಜಾತಿ ಅಲ್ಲ, ಹೊಸ ಕುಲವನ್ನೇ, ಅಂದ್ರೆ ಜಾತಿಗಿಂತ ಮೇಲಿನ ಗುಂಪನ್ನೇ, ಮಾಡ್ಬೇಕಾಯ್ತು ಯಾಕಂದ್ರೆ ಇಂಥ ಬಾಲ ಮೊದಲು ಯಾರೂ ನೋಡಿರ್ಲಿಲ್ಲ. ಮದುವೆಯಾದ ಹೆಂಗಸು ಕೆಲಸದಲ್ಲಿ ಇರಬಾರದು ಅನ್ನೋ ರೂಲ್ ಆಗ, ಹಾಗಾಗಿ ಆಮೇಲೆ ಅವ್ರು ಮ್ಯೂಸಿಯಂ ಬಿಡಬೇಕಾಯ್ತು. ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ ನಂಗೆ. 1998ರಲ್ಲಿ ಇರಾನಿನ ಖುಜೆಸ್ತಾನದಿಂದ ಇದೇ ಕುಲದ ಎರಡನೇ ಜಾತಿನ ಲೊರೆನ್ಸೊ ಅನ್ನೋರು ವಿವರಿಸಿದಾಗ ಅದಕ್ಕೆ ಅಪಿಸ್ಟೋಬ್ಯೂಥಸ್ ಸುಸಾನೆ ಅಂತ ಅವ್ರ ಹೆಸರೇ ಇಟ್ರು. ಅಷ್ಟು ವರ್ಷ ಈ ಕುಲದಲ್ಲಿ ನಿಮ್ಮ ಕ್ಯಾನಲ್ಲಿರೋದು ಒಂಟಿ.

ಇನ್ನೊಂದು ಮಾತು, ಅದು ಬಾಲ ಅಂತ ನಾವು ಕರೀತೀವಿ ಅಷ್ಟೆ, ಅಸಲಿಗೆ ಹೊಟ್ಟೆಯ ಮುಂದುವರಿದ ಭಾಗ, ಕರುಳು ಐದನೇ ಗೆಣ್ಣಿನ ತನಕ ಹೋಗುತ್ತೆ, ಗುದದ್ವಾರ ಕೊಂಡಿ ಪಕ್ಕದಲ್ಲೇ ಇರುತ್ತೆ. ಕ್ಲಾಸಲ್ಲಿ ಇದನ್ನ ಹೇಳಿದ್ರೆ ಹಿಂದಿನ ಬೆಂಚು ಅರ್ಧ ಗಂಟೆ ಸುಮ್ಮನಾಗಲ್ಲ.

ಜಿರಳೆ ತಿಂದಿಲ್ಲ ಅಂತ ತಲೆ ಕೆಡಿಸ್ಕೋಬೇಡಿ. ಚೇಳುಗಳ ಮೈ ಖರ್ಚು ತೀರಾ ಕಡಿಮೆ, ತಿಂಗಳುಗಟ್ಲೆ ಉಪವಾಸ ಇರಬಲ್ಲವು. ಹೊಸ ಜಾಗದ ಗಾಬರಿಗೆ ಬಾಯಿ ಮುಚ್ಕೊಂಡಿದೆ ಅಷ್ಟೆ. ಕೈ ಮಾತ್ರ ಹಾಕ್ಬೇಡಿ, ಬ್ಯೂಥಿಡೆ ಕುಟುಂಬದ್ದು, ಡೆತ್‌ಸ್ಟಾಕರ್ ಕೂಡ ಅದೇ ಮನೆಯವ್ರೇ.

ಗ್ಯಾಸ್_ಮಾಣಿ

ಮೇಷ್ಟ್ರೇ ನಿಮ್ಮ ಕಾಲಿಗೆ ಬಿದ್ದೆ! 1932ರಲ್ಲಿ ಹೆಸರಿಟ್ಟ ಚೇಳು ನನ್ನ ಮಂಚದ ಕೆಳಗೆ ಉಂಟು ಅಂತ ಯೋಚನೆ ಮಾಡಿಯೇ ಮೈ ಜುಂ ಅಂತು.

ಇವತ್ತು ಕ್ಯಾನ್ ಎತ್ತಿ ತಳದಿಂದ ನೋಡಿದೆ, ಪಾರದರ್ಶಕ ಅಲ್ವಾ. ಹೊಟ್ಟೆ ಅಡಿ ಕೊನೇ ಕಾಲುಗಳ ಹತ್ರ ಎರಡು ಬಾಚಣಿಗೆ ಥರ ಉಂಟು, ನಡೆಯುವಾಗ ಪ್ಲಾಸ್ಟಿಕ್ಕಿಗೆ ತಾಗಿಸ್ತಾ ತಾಗಿಸ್ತಾ ಹೋಗ್ತದೆ, ಕುರುಡ ಕೋಲು ಊರಿದ ಹಾಗೆ. ಕಾಲಿನ ತುದಿಯಲ್ಲಿ ಉದ್ದುದ್ದ ಕೂದಲು. ಒಂದು ಹಿಡಿ ಮರಳು ಹಾಕಿದ ಮೇಲೆ ಸ್ವಲ್ಪ ಸಮಾಧಾನ ಆದ ಹಾಗೆ ಕಾಣ್ತದೆ, ಮೊದಲು ನುಣುಪಲ್ಲಿ ಕಾಲು ಜಾರಿ ಜಾರಿ ಒದ್ದಾಡ್ತಾ ಇತ್ತು. ಜನರೇಟರ್ ಶಿಫ್ಟ್ ಮಾಡೋವಾಗ ಎರಡು ನಿಮಿಷ ಆಫ್ ಆಗ್ತದೆ, ಆಗ ಮಾತ್ರ ಇಕ್ಕಳ ಬಿಚ್ಚಿ ನಿಂತ್ಕೊಳ್ತದೆ, ಮತ್ತೆ ಆನ್ ಆದ್ರೆ ಮುದುಡಿ ಕೂರ್ತದೆ. ನಂಗೆ ಹಾಗೆ ಅನ್ಸೋದಾ ಅಥವಾ ಚೇಳಿಗೆ ಕಿವಿ ಉಂಟಾ?

ಕಲಬುರ್ಗಿ_ಸಿಸ್ಟರ್

ಅಣ್ಣಾ ಮೊದಲು ಆ ಕ್ಯಾನ್ ಮಂಚದ ಕೆಳಗಿಂದ ತೆಗೀರಿ. ನಾ ಮಸ್ಕತ್‌ನಾಗ ನರ್ಸ್ ಇದ್ದೀನಿ, ಇಲ್ಲಿ ಕ್ಯಾಶುವಾಲ್ಟಿಗೆ ಚೇಳು ಕಡಿಸ್ಕೊಂಡು ಬರೋರನ್ನ ನೋಡೀನಿ, ಭಾಳ ಮಂದಿಗೆ ಬೂಟಿನಾಗ, ಹಾಸಿಗಿನಾಗ, ಕತ್ತಲದಾಗ ಬರಿಗಾಲಿಲೆ ಬಾತ್ರೂಮಿಗೆ ಹೋಗೋವಾಗನ ಕಡಿದಿರ್ತದ. ಹಿಡಿದಿಟ್ಟು ಆಟ ಆಡಾಕ ಹೋಗಿ ಕಡಿಸ್ಕೊಂಡವ್ರೂ ಇದ್ದಾರ, ಅಂಥವ್ರಿಗೆ ಡಾಕ್ಟ್ರು ಬೈತಾರ.

ಕಡಿದ್ರ ಏನ್ ಮಾಡ್ಬೇಕು ಅಂತ ಯಾರೂ ಕೇಳಿಲ್ಲ, ನಾನ ಹೇಳ್ತೀನಿ. ಕಡಿದ ಜಾಗ ತೊಳೀರಿ, ತಣ್ಣೀರು ಬಟ್ಟಿ ಇಡ್ರಿ, ಕೈಯೋ ಕಾಲೋ ಅಲ್ಲಾಡಿಸ್ಲಾರ್ದ ಇಟ್ಟು ಆಸ್ಪತ್ರಿಗೆ ಹೋಗ್ರಿ. ಎಮಿರೇಟ್ಸ್‌ನಾಗ ಆಂಬುಲೆನ್ಸಿಗೆ 998. ಬ್ಲೇಡಿಲೆ ಕೊಯ್ಯೂದು, ಬಾಯಿಲೆ ಹೀರೂದು, ಬಿಗಿಯಾಗಿ ಹಗ್ಗ ಕಟ್ಟೂದು ಬ್ಯಾಡ. ಬರೀ ಉರಿ ನೋವು ಇದ್ರ ಒಂದು ಲೆಕ್ಕ, ಆದ್ರ ಮೈಯೆಲ್ಲಾ ಬೆವರು, ಬಾಯಾಗ ಜೊಲ್ಲು, ವಾಂತಿ, ಕೈಕಾಲು ಐಸ್ ಆದಂಗ ತಣ್ಣಗ, ಎದಿ ಢವಢವ, ಇದರಾಗ ಒಂದು ಕಂಡ್ರೂ ಒಂದು ನಿಮಿಷ ತಡ ಮಾಡಬ್ಯಾಡ್ರಿ. ಸಣ್ಣ ಮಕ್ಕಳಿಗಂತೂ ಕಾಯೂ ಮಾತೇ ಇಲ್ಲ.

ನಮ್ಮೂರ ಕಡೆ ಉತ್ತರಾಣಿ ಬೇರು ತಿಕ್ಕೂದು, ಮಂತ್ರ ಹಾಕ್ಸೂದು ಇನ್ನೂ ಅದ. ಯಾದಗಿರಿ ಜಿಲ್ಲಾ ಕಂದಕೂರಿನಾಗ ನಾಗರ ಪಂಚಮಿ ದಿನ ಗುಡ್ಡಕ್ಕ ಹೋಗಿ ಕಲ್ಲು ಎತ್ತಿ ಚೇಳು ಹಿಡಿದು ಮೈಮ್ಯಾಲೆ ಬಿಟ್ಕೋತಾರ, ಕಡಿಯೂದಿಲ್ಲ ಅಂತಾರ, ನಮ್ಮ ದೊಡ್ಡವ್ವ ಪ್ರತಿ ವರ್ಷ ಹೋಗಾಕಿ. ನಂಬಿಕಿ ಬಗ್ಗೆ ನಾ ಏನೂ ಅನ್ನೂದಿಲ್ಲ, ಆದ್ರ ನಮ್ಮ ಕೆಂಪು ಚೇಳು ಎದಿಗೆ ಬಡಿಯೂ ಚೇಳು. ಕೊಂಕಣದ ಮಹಾಡ್‌ನಾಗ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅಂತ ಇದ್ದಾರ, ಆ ಚೇಳು ಕಡಿದವ್ರಿಗೆ ಹೃದಯಕ್ಕ ಏನಾಗ್ತದ ಅಂತ 1982ರಾಗ ವೈದ್ಯರ ಪತ್ರಿಕಿ ಲ್ಯಾನ್ಸೆಟ್‌ನಾಗ ಬರದ್ರು, ಬಿಪಿಗೆ ಕೊಡೋ ಪ್ರಾಜೋಸಿನ್ ಗುಳಿಗಿ ಕೊಟ್ಟು ಸಾಯೋ ಮಂದಿನ್ನ ಉಳಿಸಿದ್ರು, 2022ರಾಗ ಪದ್ಮಶ್ರೀ ಬಂತು. ಹಳ್ಳಿ ದವಾಖಾನಿಯಾಗ ಕುಂತು ಮಾಡಿದ ಕೆಲಸ ಅದು.

ಬೆಂಕಿ_ಬಸ್ಯ

ಸರಿ ಸಿಸ್ಟರ್ ಮೇಷ್ಟ್ರೇ ಒಪ್ಕೊಂಡೆ, ಡೆತ್‌ಸ್ಟಾಕರ್ ಅಲ್ಲ. ಆದ್ರೂ ಒಂದು ಡೌಟು, ನಮ್ಮ ತೋಟದಲ್ಲಿ ಮಳೆಗಾಲದಲ್ಲಿ ಕಲ್ಲಡಿ ಅಂಗೈ ಅಷ್ಟುದ್ದ ಕಪ್ಪು ಚೇಳು ಬರುತ್ತೆ, ನೋಡಿದ್ರೆ ಎದೆ ಒಡೆಯುತ್ತೆ, ಅದು ಕಡಿದ್ರೆ ನಮ್ಮಜ್ಜ ಬೀಡಿ ಸೇದ್ಕೊಂಡು ಕೂತಿರೋರು. ದೊಡ್ಡದು ಕಡಿದ್ರೆ ಏನೂ ಆಗಲ್ಲ ಸಣ್ಣ ಕೆಂಪುದು ಕಡಿದ್ರೆ ಆಸ್ಪತ್ರೆ, ಇದ್ಯಾವ ನ್ಯಾಯ?

ಜೇಡರ_ಬಲೆ

ಇಕ್ಕಳ ನೋಡಿ ಬಸ್ಯ ಅವ್ರೇ. ಕಪ್ಪು ಚೇಳಿಗೆ ಇಕ್ಕಳ ದಪ್ಪ, ಬೇಟೆನ ಹಿಡಿದು ಹಿಚುಕಿಯೇ ಕೊಲ್ಲುತ್ತೆ, ಬಾಲ ತೆಳ್ಳಗೆ. ಇಕ್ಕಳ ಸಣಕಲು ಬಾಲ ದಪ್ಪ ಇದ್ರೆ ಆ ಚೇಳು ವಿಷ ನಂಬ್ಕೊಂಡು ಬದುಕೋದು. ಹೆಚ್ಚುಕಮ್ಮಿ ಲೆಕ್ಕ ಇದು, ತಪ್ಪೋದೂ ಉಂಟು, ಕಾಲಿನ ಹತ್ರ ಚೇಳು ಬಂದಾಗ ಇಕ್ಕಳ ಅಳೀತಾ ಕೂರಬೇಡಿ.

ಮಾಣಿ ಕೇಳಿದ ಕಿವಿ ವಿಷಯ. ಮರಳಲ್ಲಿ ಬದುಕೋ ಚೇಳಿಗೆ ಕಾಲೇ ಕಿವಿ. ಇದನ್ನ ತೋರಿಸಿದ್ದು ಅಮೆರಿಕದ ಫಿಲಿಪ್ ಬ್ರೌನೆಲ್, ಮೊಹಾವಿ ಮರುಭೂಮಿಯ ಬೇರೆ ಒಂದು ಜಾತಿ ಮೇಲೆ, ಸ್ಮೆರಿಂಗ್ಯೂರಸ್ ಮೆಸೇನ್ಸಿಸ್ ಅಂತ, 1977ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅದಕ್ಕೂ ಮುಂಚೆ ಒಣ ಮರಳು ಕಂಪನನ ನುಂಗಿಬಿಡುತ್ತೆ, ಅದರಲ್ಲಿ ಏನೂ ಸಾಗಲ್ಲ ಅಂತಲೇ ಎಲ್ರೂ ತಿಳ್ಕೊಂಡಿದ್ದು. ಬ್ರೌನೆಲ್ ಅಳೆದು ನೋಡಿದ್ರೆ ಸಾಗುತ್ತೆ, ಆದ್ರೆ ನಿಧಾನ, ಮೇಲ್ಮೈ ಅಲೆ ಸೆಕೆಂಡಿಗೆ ಸುಮಾರು 50 ಮೀಟರ್. ಗಾಳೀಲಿ ಶಬ್ದ ಅದರ ಆರೇಳು ಪಟ್ಟು ಜೋರಾಗಿ ಓಡುತ್ತೆ. ಆ ನಿಧಾನವೇ ಚೇಳಿಗೆ ಲಾಭ ಆಗಿದ್ದು. ಎಂಟು ಕಾಲು ದುಂಡಗೆ ಮರಳ ಮೇಲೆ ಊರಿ ನಿಂತಿರುತ್ತಲ್ಲ, ಹುಳ ಎಲ್ಲಾದ್ರೂ ಕೆರೆದ್ರೆ ಅಲೆ ಒಂದು ಕಾಲಿಗೆ ಮೊದಲು ಮುಟ್ಟುತ್ತೆ, ಎದುರಿನ ಕಾಲಿಗೆ ಒಂದು ಮಿಲಿಸೆಕೆಂಡ್ ಆದ್ಮೇಲೆ. 0.2 ಮಿಲಿಸೆಕೆಂಡ್ ವ್ಯತ್ಯಾಸನೂ ಅದು ಹಿಡಿಯುತ್ತೆ, ಮೊದಲು ಮುಟ್ಟಿದ ಕಾಲಿನ ಕಡೆ ತಿರುಗುತ್ತೆ. ಅರ್ಧ ಮೀಟರ್ ಒಳಗಿದ್ರೆ ದಿಕ್ಕು ಗೊತ್ತಾಗುತ್ತೆ, ಹದಿನೈದು ಸೆಂಟಿಮೀಟರ್ ಒಳಗೆ ಬಂದ್ರೆ ದೂರವೂ ಗೊತ್ತಾಗುತ್ತೆ, ಕಣ್ಣಿನ ಹಂಗೇ ಇಲ್ಲ. ಗಟ್ಟಿ ಬಂಡೆ ಆಗಿದ್ರೆ ಅಲೆ ಎಷ್ಟು ಬೇಗ ದಾಟಿಬಿಡುತ್ತೆ ಅಂದ್ರೆ ಕಾಲುಗಳ ನಡುವೆ ಅಂತರವೇ ಸಿಗಲ್ಲ, ಅಂದ್ರೆ ಈ ಕಿವಿ ಕೆಲಸ ಮಾಡೋಕೆ ಸಡಿಲ ಮರಳೇ ಬೇಕು.

ನಿಮ್ಮ ಜನರೇಟರ್ ಪಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದಕ್ಕೆ ಹೇಗಿರುತ್ತೆ ಅಂತ ನೀವೇ ಊಹಿಸ್ಕೊಳ್ಳಿ, ಮದುವೆ ಮನೆ ಬ್ಯಾಂಡ್‌ಸೆಟ್ ಮುಂದೆ ನಿಲ್ಲಿಸಿ ಸೂಜಿ ಬಿದ್ದ ಸದ್ದು ಹುಡುಕು ಅಂದ ಹಾಗೆ. ನೀವು ಹೇಳಿದ ಬಾಚಣಿಗೆ, ಅದಕ್ಕೆ ಪೆಕ್ಟಿನ್ ಅಂತಾರೆ, ನೆಲ ಮುಟ್ಟಿ ವಾಸನೆ ರುಚಿ ನೋಡೋ ಅಂಗ, ಚೇಳಿಗೆ ಬಿಟ್ರೆ ಬೇರೆ ಯಾವ ಪ್ರಾಣಿಗೂ ಇಲ್ಲ. ಕಾಲಿನ ಉದ್ದ ಕೂದಲು ಮರಳ ಮೇಲೆ ಹೂತು ಹೋಗದ ಹಾಗೆ, ಅಗೆಯೋಕೂ ಅನುಕೂಲ. ಹೀಗಿರೋದನ್ನ ಮರಳಿಂದ ಎತ್ತಿ ಬೇರೆ ಕಡೆ ಇಟ್ರೆ ಮೀನು ದಡಕ್ಕೆ ಹಾಕಿದ ಹಾಗೇ. ದಯವಿಟ್ಟು ಬಿಟ್ಬಿಡಿ.

ಖೋಟಾನೋಟು_ಕ್ಯಾಷಿಯರ್

ಮಧ್ಯೆ ಬಾಯಿ ಹಾಕ್ತೀನಿ, ಯುವಿ ಬೆಳಕಿಗೆ ಚೇಳು ಯಾಕೆ ಹೊಳೆಯುತ್ತೆ ಅಂತ ಯಾರೂ ಹೇಳ್ಲೇ ಇಲ್ವಲ್ಲ? ನಮ್ಮ ಕೌಂಟರಲ್ಲೂ ನೋಟು ಚೆಕ್ ಮಾಡೋಕೆ ಅದೇ ಟಾರ್ಚು.

ಜೇಡರ_ಬಲೆ

ಮೈ ಮೇಲಿನ ಗಟ್ಟಿ ಚಿಪ್ಪಲ್ಲಿ ಬೀಟಾ ಕಾರ್ಬೊಲೀನ್ ಥರದ ರಾಸಾಯನಿಕ ಇರುತ್ತೆ, ಅದು ಹೊಳೆಯೋದು. ಪೊರೆ ಬಿಟ್ಟ ಹೊಸತರಲ್ಲಿ ಚಿಪ್ಪು ಮೆತ್ತಗಿದ್ದಾಗ ಹೊಳೆಯಲ್ಲ, ಗಟ್ಟಿಯಾಗ್ತಾ ಆಗ್ತಾ ಹೊಳಪು ಬರುತ್ತೆ. ಬಿಟ್ಟ ಪೊರೆ ಮಾತ್ರ ಹೊಳೀತಾನೇ ಇರುತ್ತೆ. ಯುವಿ ಟಾರ್ಚ್ ಬಂದ್ಮೇಲೆ ಮರುಭೂಮಿ ಚೇಳು ಹುಡುಕೋ ಕೆಲಸವೇ ಬದಲಾಗಿಹೋಯ್ತು, ಮೊದಲು ಹಗಲು ಕಲ್ಲು ಎತ್ತಿ ಹುಡುಕ್ತಿದ್ರು, ಮರಳಲ್ಲಿ ಎತ್ತೋಕೆ ಕಲ್ಲಾದ್ರೂ ಎಲ್ಲಿದೆ? ನಮ್ಮ ಥಾರ್ ಮರಳಿನ ಬ್ಯೂಥಾಕಸ್ ಅಗರ್ವಾಲಿ ಅನ್ನೋ ಚೇಳಿಗೆ ಹೆಸರು ಬಂದಿದ್ದೇ 2010ರಲ್ಲಿ, ಆ ಕುಲ ಭಾರತದಲ್ಲಿ ಇದೆ ಅಂತ ಗೊತ್ತಾಗಿದ್ದೂ ಆಗ್ಲೇ.

ಅಲ್‌ಐನ್_ಗೌಡ

ಮಾಣಿ, ಬಿಡೋದಾದ್ರೆ ಎಲ್ಲಿ ಬಿಡ್ಬೇಕು ಅಂತ ಹೇಳ್ತೀನಿ ಕೇಳಿ, ನಾನು ಹನ್ನೊಂದು ವರ್ಷದಿಂದ ಇಲ್ಲಿದೀನಿ, ರಜೆ ಸಿಕ್ರೆ ಮರಳಲ್ಲೇ ಟೆಂಟು. ಲಿವಾ ಸುತ್ತ ಎರಡು ಥರ ನೆಲ ಇದೆ. ಗುಡ್ಡಗಳ ನಡುವೆ ತಗ್ಗಲ್ಲಿ ಬೆಳ್ಳಗೆ ಉಪ್ಪು ಕಟ್ಟಿರೋ ಚಪ್ಪಟೆ ನೆಲ, ಅದಕ್ಕೆ ಸಬ್ಖಾ ಅಂತಾರೆ, ಮೇಲೆ ಹಪ್ಪಳ ಥರ ಗಟ್ಟಿ. ಗಾಡಿ ನಿಲ್ಸೋಕೆ ಸುಲಭ ಅಂತ ಅಲ್ಲಿ ಬಿಡ್ಬೇಡಿ, ಈ ಚೇಳಿಗೆ ಅದು ಆಗಲ್ಲ. ಸಡಿಲ ಮರಳಿರೋ ಇಳಿಜಾರು ನೋಡಿ, ಬುಡದಲ್ಲಿ ಗಿಡ ಗಂಟಿ ಇದ್ರೆ ಇನ್ನೂ ಒಳ್ಳೇದು, ಅಲ್ಲಿ ಕಪ್ಪು ಜೀರುಂಡೆಗಳು ಓಡಾಡ್ತಿರ್ತವೆ, ಊಟಕ್ಕೆ ಬರ ಇಲ್ಲ. ಸಿಕ್ಕಿದ ಜಾಗಕ್ಕೆ ಆದಷ್ಟು ಹತ್ರ ಬಿಡಿ. ಬೇಸಿಗೇಲಿ ಮಧ್ಯಾಹ್ನ ಮರಳ ಮೇಲೆ 60 ಡಿಗ್ರಿ ದಾಟುತ್ತೆ, ಒಂದು ಮೊಳ ಕೆಳಗೆ ಹೋದ್ರೆ ಎಷ್ಟೋ ತಂಪು, ಹಾಗಾಗಿ ಹಗಲು ಬಿಡ್ಬೇಡಿ, ಬಿಲ ತೋಡೋಷ್ಟರಲ್ಲಿ ಬೆಂದೇ ಹೋಗುತ್ತೆ. ರಾತ್ರಿ ಬಿಡಿ.

ಒಂದು ಸಣ್ಣ ಖುಷಿ ವಿಷಯ, ಇಲ್ಲಿ ಗಾಫ್ ಅಂತ ಒಂದು ಮರ ಇದ್ಯಲ್ಲ, ಎಮಿರೇಟ್ಸಿನ ರಾಷ್ಟ್ರೀಯ ಮರ, ಅದು ಪ್ರೊಸೋಪಿಸ್ ಸಿನೆರೇರಿಯಾ, ನಮ್ಮ ದಸರಾ ಬನ್ನಿ ಮರ! ಇದು ಗೊತ್ತಾದ ವರ್ಷ ವಿಜಯದಶಮಿಗೆ ನಾನೂ ನನ್ನ ಹೆಂಡತಿ ಗಾಫ್ ಮರಕ್ಕೆ ಸುತ್ತು ಬಂದು ನಾಲ್ಕು ಎಲೆ ತಂದು ಬನ್ನಿ ಬಂಗಾರ ಅಂತ ಫ್ಲಾಟಲ್ಲಿರೋ ಕನ್ನಡದವ್ರಿಗೆಲ್ಲ ಹಂಚಿದ್ವಿ.

ಗ್ಯಾಸ್_ಮಾಣಿ

ಅಪ್ಡೇಟ್. ಬಿಟ್ಟು ಬಂದೆ.

ನಿನ್ನೆ ರಾತ್ರಿ ಊಟ ಆದ್ಮೇಲೆ ಡ್ರೈವರ್ ಖಾನ್ ಭಾಯ್‌ನೂ ಕರ್ಕೊಂಡು, ಬೂಟು ಕೊಡವಿ ಹಾಕ್ಕೊಂಡು (ಸಿಸ್ಟರ್ ನೆನಪಾದ್ರು), ಸಿಕ್ಕಿದ ಜಾಗದಿಂದ ಸೀದಾ ಗುಡ್ಡದ ಆಚೆ ಬದಿಗೆ ನಾನೂರು ಹೆಜ್ಜೆ ನಡೆದ್ವಿ. ಜನರೇಟರ್ ಸದ್ದು ಅಲ್ಲಿಗೆ ಗುಂಯ್ ಅಂತ ಮಾತ್ರ. ಗಾಫ್ ಏನೂ ಸಿಗ್ಲಿಲ್ಲ, ಒಂದು ಸಣ್ಣ ಪೊದೆ ಇತ್ತು, ಅದರ ಪಕ್ಕ ಕ್ಯಾನ್ ಅಡ್ಡ ಮಲಗಿಸಿ ಹಿಂದೆ ಸರಿದ್ವಿ. ಐದು ನಿಮಿಷ ಅಲ್ಲಾಡ್ಲಿಲ್ಲ. ಖಾನ್ ಭಾಯ್ ಸತ್ತೋಯ್ತು ಅಂದ. ಆಮೇಲೆ ಒಂದೊಂದೇ ಕಾಲು ಹೊರಗೆ ಇಟ್ಟು, ಪ್ಲಾಸ್ಟಿಕ್ ಅಂಚು ದಾಟಿ ಮರಳಿಗೆ ಬಂತು ನೋಡಿ, ಕ್ಯಾನ್ ಒಳಗೆ ಜಾರ್ತಾ ಇದ್ದದ್ದು ಇದೇನಾ ಅನ್ನೋ ಹಾಗೆ ಸರಸರ ಇಳಿಜಾರು ಹತ್ತಿ ಹೋಯ್ತು, ಕಾಲು ಒಂದು ಚೂರೂ ಇಳೀಲಿಲ್ಲ. ನಾವು ಅದೇ ಇಳಿಜಾರಲ್ಲಿ ಮೊಣಕಾಲು ತನಕ ಹೂತು ನಿಂತಿದ್ವಿ. ಹಿಂದೆ ಎರಡು ಸಾಲು ಚುಕ್ಕಿ ಚುಕ್ಕಿ ಗುರುತು. ಯುವಿ ಟಾರ್ಚ್ ಬೆಳಕು ಮುಟ್ಟೋ ತನಕ ಹಸಿರಾಗಿ ಕಾಣ್ತಾ ಇತ್ತು, ಆಮೇಲೆ ಇಲ್ಲ. ಅದನ್ನ ಶೂನಲ್ಲಿ ಜಜ್ಜೋಕೆ ಹೊರಟಿದ್ದ ಖಾನ್ ಭಾಯ್ ಈಗ ನನ್ನ ಟಾರ್ಚ್ ಕೊಡು ಇನ್ನೊಂದು ಹುಡುಕುವ ಅಂತ ಹಟ ಮಾಡ್ತಾ ಇದ್ದಾನೆ.

ಚೇಟನೂ ಮಾತಾಡೋಕೆ ಶುರು ಮಾಡಿದ. ಲೀಕ್ ಕೂಡ ಸಿಕ್ತು, ಫ್ಲೇರ್ ನಟ್ ಹತ್ರ.